ಹೆಬ್ಬಾಳ–ಯಲಹಂಕ ಸೀಮೆಯ ಹಾಲುಮೊಸರು ಮತ್ತು ಮಧುಮೇಹ

ಹೆಬ್ಬಾಳದ ಕೆರೆಯಿಂದ ಯಲಹಂಕದವರೆಗಿನ ದೂರ ಹೆಚ್ಚುಕಡಿಮೆ ಎರಡು ಹರದಾರಿ. ಈ ಅಲ್ಪ ದೂರದ ಆಸುಪಾಸಿನಲ್ಲಿ ದನಗಳ ರೋಗಕ್ಕೆ ಲಸಿಕೆ ತಯಾರಿಸುವ ಸಂಸ್ಥೆಯಿದೆ, ಪಶುವೈದ್ಯ ಕಾಲೇಜಿದೆ, ಹೈನುವಿಜ್ಞಾನದ ಕಾಲೇಜಿದೆ, ಕೃಷಿ ವಿಶ್ವವಿದ್ಯಾನಿಲಯವಿದೆ; ಕೊನೆಗೆ ಯಲಹಂಕದಲ್ಲಿ ಹಾಲನ್ನು ಪೊಟ್ಟಣಗಳಲ್ಲಿ ತುಂಬಿ ನಗರಕ್ಕೆ ಕಳುಹಿಸುವ ಮದರ್ ಡೇರಿಯೂ ಇದೆ. ಹಾಲಿನ ವಿಷಯವಾದ ವಿದ್ಯೆಯೂ ಉದ್ಯಮವೂ ಇಷ್ಟು ಕಿರಿದಾದ ಸ್ಥಳದಲ್ಲಿ ಒಟ್ಟುಗೂಡಿರುವುದು ಅಪರೂಪ. ಇದೇ ಸೀಮೆಯ ಮನೆಗಳಲ್ಲಿ, ಅದು ಯಶವಂತಪುರದಲ್ಲಿರಲಿ, ರವೀಂದ್ರನಾಥ ಟ್ಯಾಗೋರ್ ನಗರದಲ್ಲಿರಲಿ, ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ ದಿನವೇ ಅಡಿಗೆಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇನ್ನು ಮೊಸರನ್ನ ಉಣ್ಣಬಹುದೇ? ರಾತ್ರಿ ಮಲಗುವಾಗ ಹಾಲು ಕುಡಿಯಬಹುದೇ?

ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಸೇರಿದುದಾದರೂ ಇದಕ್ಕೆ ಮನೆಮನೆಗಳಲ್ಲಿ ದೊರೆಯುವ ಉತ್ತರಗಳು ಚರಿತ್ರೆಯ ವಿದ್ಯಾರ್ಥಿಯ ಗಮನಕ್ಕೆ ಅರ್ಹವಾದವು. ಏಕೆಂದರೆ ಅವು ಒಂದೇ ಕಾಲದ ಉತ್ತರಗಳಲ್ಲ. ಮೊಸರು ಕಫಕಾರಿ, ಆದ್ದರಿಂದ ಬಿಡಬೇಕು ಎಂಬುದು ಎರಡು ಸಹಸ್ರ ವರ್ಷಗಳಷ್ಟು ಹಳೆಯ ಮಾತು. ಕೆನೆ ತೆಗೆದ ಹಾಲನ್ನು ಮಾತ್ರ ಕುಡಿಯಬೇಕು ಎಂಬುದು ಕಳೆದ ಶತಮಾನದ ಉತ್ತರಾರ್ಧದ್ದು. ನಾಟಿ ಹಸುವಿನ ಹಾಲಾದರೆ ಬಾಧಕವಿಲ್ಲವೆಂಬುದು ಈಚಿನ ಹತ್ತು ಹದಿನೈದು ವರ್ಷಗಳದು. ಈ ಮೂರನ್ನೂ ಬೆರೆಸಿ ಒಂದೇ ಪಂಕ್ತಿಯಲ್ಲಿ ಬಡಿಸುತ್ತಿರುವುದರಿಂದ ರೋಗಿಗೆ ಗೊಂದಲವುಂಟಾಗುವುದು ಸಹಜ. ಒಂದೊಂದನ್ನೂ ಅದು ಹುಟ್ಟಿದ ಕಾಲಕ್ಕೆ ಹಿಂದಿರುಗಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಈ ಸೀಮೆಯಲ್ಲಿ ಬದಲಾದುದು ಹಾಲಿನ ಗುಣವಲ್ಲ, ಅದು ಊಟಕ್ಕೆ ಬರುವ ರೂಪ ಮತ್ತು ಅದರ ಜೊತೆಗಾರರು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಆಯುರ್ವೇದದ ಮಾತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಕಾರಣಗಳನ್ನು ಎಣಿಸುವಾಗ ಮೊಸರನ್ನೂ ಹಾಲನ್ನೂ ಸ್ಪಷ್ಟವಾಗಿ ಹೆಸರಿಸಿದೆ. ಇಷ್ಟನ್ನೇ ಹಿಡಿದುಕೊಂಡು ಮೊಸರಿಗೆ ಬಹಿಷ್ಕಾರ ಹಾಕುವವರು ಪಟ್ಟಿಯ ಉಳಿದ ಭಾಗವನ್ನು ಓದುವುದಿಲ್ಲ. ಆ ಪಟ್ಟಿ ಆರಂಭವಾಗುವುದೇ ಸುಖವಾಗಿ ಕುಳಿತಿರುವುದರಿಂದ ಮತ್ತು ಸುಖವಾಗಿ ನಿದ್ರಿಸುವುದರಿಂದ. ಮುಂದೆ ಸಾಕುಪ್ರಾಣಿಗಳ ಮತ್ತು ಜಲಚರಗಳ ಮಾಂಸ, ಹೊಸ ಧಾನ್ಯ, ಬೆಲ್ಲದಿಂದ ಮಾಡಿದ ಭಕ್ಷ್ಯಗಳು ಬರುತ್ತವೆ. ಅಂದರೆ ಅಲ್ಲಿ ವರ್ಣಿತವಾಗಿರುವುದು ಒಂದು ಪದಾರ್ಥವಲ್ಲ, ಒಂದು ಜೀವನಕ್ರಮ: ಮೈಮುರಿಯದೆ ಕುಳಿತು, ಹೊಸ ಅಕ್ಕಿಯನ್ನೂ ಬೆಲ್ಲವನ್ನೂ ಹಾಲುಮೊಸರುಗಳೊಡನೆ ಯಥೇಚ್ಛವಾಗಿ ಉಣ್ಣಬಲ್ಲ ಶ್ರೀಮಂತನದು. ಅದೇ ಗ್ರಂಥ ರೋಗಿಗಳಲ್ಲಿ ಸ್ಥೂಲನೂ ಬಲಿಷ್ಠನೂ ಆದವನನ್ನು ಒಂದು ಕಡೆ, ಕೃಶನೂ ದುರ್ಬಲನೂ ಆದವನನ್ನು ಇನ್ನೊಂದು ಕಡೆ ಇರಿಸಿ, ಎರಡನೆಯವನಿಗೆ ಪೋಷಣೆಯನ್ನೇ ವಿಧಿಸುತ್ತದೆ. ಪ್ರಮೇಹಗಳು ಇಪ್ಪತ್ತು ಬಗೆಯೆಂದು ಹೇಳಿ, ಮಧುಮೇಹವನ್ನು ಅವುಗಳಲ್ಲಿ ಒಂದಾಗಿ ಎಣಿಸಿದೆ. ಆದಕಾರಣ ಪ್ರಮೇಹದ ಪಥ್ಯವನ್ನೆಲ್ಲ ಇಂದು ಎರಡನೆಯ ಬಗೆಯ ಮಧುಮೇಹವೆಂದು ಕರೆಯುವ ರೋಗಕ್ಕೆ ಹಾಗೆಯೇ ಹೊಂದಿಸುವುದು ಶಾಸ್ತ್ರಕ್ಕೂ ನ್ಯಾಯವಲ್ಲ, ರೋಗಿಗೂ ಹಿತವಲ್ಲ.

ಇನ್ನು ಈ ನಾಡಿನ ಹಾಲಿನ ಸಂಗತಿ. ಕನ್ನಡದಲ್ಲಿ ಹಾಲುಮೊಸರುಗಳ ಪಾಕವಿಚಾರ ಹಳೆಯದು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿಯೇ ಸೂಪಶಾಸ್ತ್ರಕ್ಕೆ ಪ್ರತ್ಯೇಕವಾದ ಭಾಗವಿದೆ. ಆದರೆ ಗ್ರಂಥಗಳಲ್ಲಿರುವ ಸಮೃದ್ಧಿ ಎಲ್ಲರ ಮನೆಯಲ್ಲಿಯೂ ಇದ್ದಿತೆಂದು ಭಾವಿಸಲಾಗದು. ಬೆಂಗಳೂರು ಸೀಮೆಯ ಹೆಸರಾಂತ ತಳಿಯಾದ ಹಳ್ಳಿಕಾರ್ ಉಳುಮೆಗೂ ಗಾಡಿಗೂ ಹೇಳಿಮಾಡಿಸಿದ್ದು. ಅದರ ಹಸು ಕರೆಯುವ ಹಾಲು ಸ್ವಲ್ಪ, ಅದರಲ್ಲಿಯೂ ಕರುವಿನ ಪಾಲು ಮೊದಲು. ಅಮೃತಮಹಲ್ ರಾಸುಗಳು ಸೈನ್ಯದ ಬಂಡಿಗಳಿಗಾಗಿ ಪ್ರಸಿದ್ಧವಾದುವೇ ಹೊರತು ಹಾಲಿಗಾಗಿ ಅಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನಿಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಕೊಟ್ಟಿದ್ದ ಆಜ್ಞೆಯಲ್ಲಿ ದನಕರುಗಳ ವಿಚಾರಣೆಯೂ ಒಂದು ಬಾಬಾಗಿತ್ತು. ಅಂದಿನ ಸರ್ಕಾರದ ಆಸಕ್ತಿಯಾದರೂ ಎತ್ತಿನ ಬಲದ ಮೇಲೆ, ಹಸುವಿನ ಕೆಚ್ಚಲಿನ ಮೇಲಲ್ಲ.

ಹಾಲು ಕೊಂಚವಾಗಿದ್ದ ಮನೆಯಲ್ಲಿ ಅದನ್ನು ಹಾಲಾಗಿಯೇ ಕುಡಿಯುವುದು ಮಕ್ಕಳಿಗೂ ಬಾಣಂತಿಯರಿಗೂ ರೋಗಿಗಳಿಗೂ ಮೀಸಲು. ಮಿಕ್ಕುದನ್ನು ಕಾಯಿಸಿ ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆದು, ತುಪ್ಪ ಮಾಡಿ ಸಂತೆಗೆ ಕಳುಹಿಸುವುದು ಒಕ್ಕಲು ಮನೆಯ ಆದಾಯದ ದಾರಿ. ಮನೆಗೆ ಉಳಿಯುತ್ತಿದ್ದುದು ಮಜ್ಜಿಗೆ. ರಾಗಿಯ ಅಂಬಲಿಗೆ ಬೆರೆಯುತ್ತಿದ್ದುದೂ, ಉಪ್ಪು ಮೆಣಸಿನಕಾಯಿಯೊಡನೆ ಹೊಲದ ದಣಿವಾರಿಸುತ್ತಿದ್ದುದೂ ಅದೇ. ಕೇಳಿದವರಿಗೆ ಮಜ್ಜಿಗೆಯನ್ನು ಹಾಗೆಯೇ ಕೊಡುವುದು ವಾಡಿಕೆಯಾಗಿತ್ತು; ಅದಕ್ಕೆ ಬೆಲೆ ಕಟ್ಟುವುದನ್ನು ಜನ ಮೆಚ್ಚುತ್ತಿರಲಿಲ್ಲ. ಇಂದಿನ ಆಹಾರಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಈ ಸೀಮೆಯ ರೈತನ ಪಾಲಿಗೆ ದಿನನಿತ್ಯ ಬರುತ್ತಿದ್ದ ಹೈನು ಜಿಡ್ಡು ಕಳೆದದ್ದು, ಹುದುಗಿದ್ದು, ಸಕ್ಕರೆ ಸೇರದ್ದು. ಇದನ್ನು ಹೇಳಿದ ಮಾತ್ರಕ್ಕೆ ಅದೊಂದು ಸುವರ್ಣಯುಗವಾಗಿತ್ತೆಂದು ಯಾರೂ ತಿಳಿಯಬಾರದು. 1876–78ರ ಮಹಾಕ್ಷಾಮ ಇದೇ ನೆಲದ ಮೇಲೆ ನಡೆಯಿತು. ಹಸಿದ ಜನಕ್ಕೆ ಸಕ್ಕರೆ ಕಾಯಿಲೆ ಬಾರದಿದ್ದುದು ಆರೋಗ್ಯದ ಲಕ್ಷಣವಲ್ಲ.

ಮಜ್ಜಿಗೆಯ ವಾಡಿಕೆಗೆ ಶರೀರಶಾಸ್ತ್ರದ ಒಂದು ಕಾರಣವೂ ಇದ್ದಿರಬಹುದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಹಾಲುಸಕ್ಕರೆಯನ್ನು ಅರಗಿಸುವ ಕಿಣ್ವವು ವಯಸ್ಕರಾದ ಮೇಲೆಯೂ ಉಳಿಯುವ ಗುಣ ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲುಸಕ್ಕರೆಯ ಒಂದಂಶವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದರಿಂದ, ಹಾಲು ಒಗ್ಗದವರಿಗೂ ಮೊಸರು ಮಜ್ಜಿಗೆಗಳು ಒಗ್ಗುತ್ತವೆ.

ಹೆಬ್ಬಾಳದ ಚರಿತ್ರೆ ಆರಂಭವಾಗುವುದು ಈ ಕೊರತೆಯ ಹಿನ್ನೆಲೆಯಲ್ಲಿ. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ನೀಡಿದ 30 ಎಕರೆ ನೆಲದಲ್ಲಿ ಕೃಷಿ ಪ್ರಯೋಗಕ್ಷೇತ್ರ ಸ್ಥಾಪಿತವಾಯಿತು. ಲೆಹ್ಮನ್ನರು ಅಲ್ಲಿ ಮಣ್ಣಿನ ಪರೀಕ್ಷೆಗೆ ತೊಡಗಿದರು, ಬಳಿಕ ಕೆನಡದ ಲೆಸ್ಲಿ ಕೋಲ್ಮನ್ನರು ಅದನ್ನು ಬೆಳೆಸಿದರು. ದೊಡ್ಡರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿದ್ದ ಕಾಲದಲ್ಲಿ, 1925ರಲ್ಲಿ, ಮೈಸೂರು ಸೀರಂ ಸಂಸ್ಥೆ ಅಲ್ಲಿಯೇ ಹುಟ್ಟಿತು. 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಊರಿನ ಇನ್ನೊಂದು ತುದಿಯ ಆಡುಗೋಡಿಯಲ್ಲಿ 1923ರಿಂದ ಇದ್ದ ಸಾಮ್ರಾಜ್ಯ ಸರ್ಕಾರದ ಪಶುಪಾಲನೆ ಮತ್ತು ಹೈನು ಸಂಸ್ಥೆಯಲ್ಲಿ 1927ರಲ್ಲಿ ವಿಶ್ರಾಂತಿಗಾಗಿ ಬಂದಿದ್ದ ಗಾಂಧಿಯವರೂ ಕೆಲವು ದಿನ ಪಾಠ ಕೇಳಿದರು. ಮುಂದೆ ಆನಂದದ ಹೈನು ಸಹಕಾರಕ್ಕೆ ಹೆಸರಾದ ವರ್ಗೀಸ್ ಕುರಿಯನ್ನರೂ ಅಮೆರಿಕಕ್ಕೆ ಹೋಗುವ ಮುನ್ನ ಅಲ್ಲಿಯೇ ತರಬೇತಿ ಪಡೆದರು. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿಗಳು ಸೋಯ ಅವರೆಯಿಂದಲೂ ಕಡಲೆಕಾಯಿಯಿಂದಲೂ ಹಾಲನ್ನು ತಯಾರಿಸುವ ಪ್ರಯತ್ನ ನಡೆಸಿದರು.

ಈ ಎಲ್ಲ ಉದ್ಯಮಗಳ ಹಿಂದೆ ಇದ್ದ ಪ್ರಶ್ನೆ ಒಂದೇ: ಸೊರಗಿದ ಮಕ್ಕಳಿಗೆ ಹಾಲು ಸಾಲುವಂತೆ ಮಾಡುವುದು ಹೇಗೆ? ಯಾರಿಗೆ ಹಾಲು ಅತಿಯಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವ ಅವಕಾಶವೇ ಅಂದು ಇರಲಿಲ್ಲ. ಇಂದು ಮಧುಮೇಹಿಗಳಿಗೆ ಪಥ್ಯವೆಂದು ಸೂಚಿಸುವ ಟೋನ್ಡ್ ಹಾಲೂ ಕೊರತೆಯ ಕೂಸೇ. 1946ರ ಸುಮಾರಿಗೆ ಮುಂಬಯಿಯಲ್ಲಿ ದಾರಾ ಖುರೋಡಿಯವರು, ಜಿಡ್ಡು ಹೆಚ್ಚಾಗಿರುವ ಎಮ್ಮೆಯ ಹಾಲಿಗೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಬೆರೆಸಿ ಹೆಚ್ಚು ಜನಕ್ಕೆ ಕಡಿಮೆ ಬೆಲೆಯಲ್ಲಿ ಹಂಚಲು ಈ ಉಪಾಯವನ್ನು ಕಂಡುಹಿಡಿದರು. ಇಂದಿನ ನಿಯಮದಂತೆ ಅದರಲ್ಲಿ ಜಿಡ್ಡು ಶೇಕಡ 3. ಡಬಲ್ ಟೋನ್ಡ್ ಹಾಲಿನಲ್ಲಿ 1.5, ಪೂರ್ಣ ಕೆನೆಯ ಹಾಲಿನಲ್ಲಿ 6. ಬಡವರಿಗಾಗಿ ತೆಳುವಾದ ಹಾಲು ಅರ್ಧ ಶತಮಾನದೊಳಗೆ ಉಳ್ಳವರ ಪಥ್ಯವಾಗಿ ಮೇಲೇರಿದುದು ವಿನೋದದ ಸಂಗತಿ.

ಕೊರತೆ ನೀಗಿದ ಕ್ರಮ ಎಲ್ಲರಿಗೂ ತಿಳಿದದ್ದೇ. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಬೆಂಗಳೂರು ಡೇರಿಯನ್ನು ಉದ್ಘಾಟಿಸಿದರು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲಿ ರೂಪುಗೊಂಡಿತು, ಅದೇ ವರ್ಷ ಯಲಹಂಕದ ಮದರ್ ಡೇರಿಯೂ ಸ್ಥಾಪಿತವಾಯಿತು. ಸೀಮೆಹಸುಗಳ ಮಿಶ್ರತಳಿ ಹಟ್ಟಿಗೆ ಬಂದು, ಊರೂರಿನ ಸಂಘದಲ್ಲಿ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುವ ಪದ್ಧತಿ ನೆಲೆಗೊಂಡಿತು. ಇದರಿಂದ ಸಣ್ಣ ಹಿಡುವಳಿಯ ರೈತನಿಗೂ ವಿಶೇಷವಾಗಿ ಹೆಂಗಸರಿಗೂ ಕೈಗೆ ನಗದು ಬಂದಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಪರಿಣಾಮವನ್ನು ನಮ್ಮ ಹೈನುಗಾರಿಕೆಯ ಚರಿತ್ರೆಗಳು ಸಾಕಷ್ಟು ಗಮನಿಸಿಲ್ಲ. ಹಿಂದೆ ಮನೆಯಿಂದ ಸಂತೆಗೆ ಹೋಗುತ್ತಿದ್ದುದು ತುಪ್ಪ. ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು. ಈಗ ಹೋಗುವುದು ಹಾಲೇ. ಕಡೆಯುವುದಕ್ಕೆ ಏನೂ ಉಳಿಯದು. ಸಂಘದ ಹಾಲು ಊರಿನ ಊಟದಿಂದ ಮಜ್ಜಿಗೆಯನ್ನು ಕರಗಿಸಿತೆಂದು ಊಹಿಸಲು ಕಾರಣವಿದೆ. ಸಹಕಾರ ಸಂಘಗಳು ಹಳ್ಳಿಯ ಉತ್ಪತ್ತಿಯನ್ನಷ್ಟೇ ಅಲ್ಲದೆ ಹಳ್ಳಿಯವರ ಸ್ವಂತ ಆಹಾರವನ್ನೂ ಹೇಗೆ ಮುಟ್ಟುತ್ತವೆಂಬ ಪ್ರಶ್ನೆಯನ್ನು ಕರ್ನಾಟಕದ ಮಟ್ಟಿಗೆ ಹೆರಾಲ್ಡ್ ಆಲ್ಡರ್‌ಮನ್ 1987ರಲ್ಲಿಯೇ ಎತ್ತಿದ್ದರು. ವಿದ್ಯಾರ್ಥಿಗಳು ಆ ವರದಿಯನ್ನು ಇಂದಿಗೂ ಓದಬೇಕು.

ಪಾಶ್ಚಾತ್ಯ ವೈದ್ಯದ ಕಡೆಗೆ ತಿರುಗಿದರೆ ಬೇರೊಂದು ಚಿತ್ರ ಕಾಣುತ್ತದೆ. ಅಲ್ಲಿ ಹಾಲು ಆರೋಪಿಯಾಗಿರಲಿಲ್ಲ, ಔಷಧವಾಗಿತ್ತು. 1797ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೋ, ಮೆರಿಡಿತ್ ಎಂಬ ಸ್ಥೂಲಕಾಯದ ಅಧಿಕಾರಿಗೆ ಧಾನ್ಯ ತರಕಾರಿಗಳನ್ನು ಬಹಳ ಮಟ್ಟಿಗೆ ಬಿಡಿಸಿ ಮಾಂಸವನ್ನೂ ಸುಣ್ಣದ ತಿಳಿನೀರು ಬೆರೆತ ಹಾಲನ್ನೂ ವಿಧಿಸಿದುದನ್ನು ವರ್ಣಿಸಿದ್ದಾನೆ. 1871ರಲ್ಲಿ ಆರ್ಥರ್ ಸ್ಕಾಟ್ ಡಾಂಕಿನ್ ಕೆನೆ ತೆಗೆದ ಹಾಲನ್ನೇ ಮಧುಮೇಹದ ಚಿಕಿತ್ಸೆಯಾಗಿ ಪ್ರತಿಪಾದಿಸಿ ಪುಸ್ತಕ ಬರೆದ. ಇವರ ರೋಗಿಗಳಲ್ಲಿ ಕೆಲವರು ಚೇತರಿಸಿಕೊಂಡಿದ್ದರೆ ಅದರ ಕೀರ್ತಿ ಹಾಲಿನ ವಿಶೇಷ ಗುಣಕ್ಕಿಂತ ಒಟ್ಟು ಆಹಾರದ ಮಿತಿಗೆ, ಅದರಲ್ಲಿಯೂ ಪಿಷ್ಟದ ಮಿತಿಗೆ, ಸಲ್ಲಬೇಕಾದುದೆಂದು ತೋರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ಒಬ್ಬ ಬಾಲಕನಿಗೆ ಇನ್ಸುಲಿನ್ ಚುಚ್ಚಿದಾಗ ಅದನ್ನು ತೆಗೆದಿದ್ದುದು ದನದ ಮೇದೋಜೀರಕ ಗ್ರಂಥಿಯಿಂದ. ಮುಂದಿನ ಆರು ದಶಕಗಳವರೆಗೆ ದನ ಹಂದಿಗಳ ಗ್ರಂಥಿಗಳೇ ಲೋಕದ ಮಧುಮೇಹಿಗಳನ್ನು ಬದುಕಿಸಿದವು.

ಬೆಂಗಳೂರಿನಲ್ಲಿ ಈ ರೋಗದ ವ್ಯಾಪ್ತಿ ಸಂಖ್ಯೆಗಳಲ್ಲಿ ಸ್ಪಷ್ಟವಾಗಿ ಕಂಡುದು ಈ ಶತಮಾನದ ಹೊಸ್ತಿಲಲ್ಲಿ. ಆರು ಮಹಾನಗರಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ರಾಷ್ಟ್ರೀಯ ನಗರ ಮಧುಮೇಹ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇಕಡ 12.4 ಮಂದಿಗೆ ಮಧುಮೇಹವಿತ್ತು, ಹೈದರಾಬಾದಿನಲ್ಲಿ 16.6, ಮುಂಬಯಿಯಲ್ಲಿ 9.3. ಈ ಏರಿಕೆಯ ಕಾಲವೂ ಹಾಲು ಹೇರಳವಾದ ಕಾಲವೂ ಒಂದೇ ಆದುದರಿಂದ ಎರಡಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವ ಆಸೆ ಹುಟ್ಟುತ್ತದೆ. ಚರಿತ್ರೆಯ ಶಿಸ್ತನ್ನು ಬಲ್ಲವರು ಈ ಆಸೆಯನ್ನು ತಡೆದುಕೊಳ್ಳಬೇಕು. ಅದೇ ದಶಕಗಳಲ್ಲಿ ರಾಗಿಯ ಸ್ಥಾನಕ್ಕೆ ಪಾಲಿಶ್ ಮಾಡಿದ ಅಕ್ಕಿ ಬಂದಿತು, ನಡಿಗೆಯ ಸ್ಥಾನಕ್ಕೆ ವಾಹನ ಬಂದಿತು, ಹೊಲದ ಕೆಲಸದ ಸ್ಥಾನಕ್ಕೆ ಕುರ್ಚಿಯ ಕೆಲಸ ಬಂದಿತು.

ಹಾಲನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದ ಸಂಶೋಧನೆಗಳು ಅದರ ಮೇಲಿನ ಆರೋಪವನ್ನು ಎತ್ತಿಹಿಡಿದಿಲ್ಲ. 2014ರಲ್ಲಿ ಹಾರ್ವರ್ಡಿನ ವಿದ್ವಾಂಸರು ಅಮೆರಿಕದ ಮೂರು ದೊಡ್ಡ ಸಮೂಹಗಳ ಆಹಾರವನ್ನು ದೀರ್ಘಕಾಲ ಅನುಸರಿಸಿ ನೋಡಿದಾಗ, ಒಟ್ಟು ಹೈನಿಗೂ ಮಧುಮೇಹಕ್ಕೂ ಸಂಬಂಧ ಕಾಣಲಿಲ್ಲ. ಮೊಸರು ತಿನ್ನುವವರಲ್ಲಿ ಮಾತ್ರ ರೋಗ ಕಡಿಮೆಯಾಗಿ ಕಂಡಿತು. ನಮಗೆ ಇನ್ನೂ ಹತ್ತಿರವಾದುದು 21 ದೇಶಗಳ 1,47,812 ಜನರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯೂ ಅದರ ಒಂದು ಕೇಂದ್ರ. ದಿನಕ್ಕೆ ಎರಡು ಪಾಲು ಅಥವಾ ಹೆಚ್ಚು ಹೈನು ಸೇವಿಸುವವರಲ್ಲಿ, ಏನೂ ಸೇವಿಸದವರಿಗಿಂತ, ಮಧುಮೇಹವೂ ರಕ್ತದೊತ್ತಡವೂ ಹೊಸದಾಗಿ ತಲೆದೋರುವ ಸಂಭವ ಶೇಕಡ 11–12ರಷ್ಟು ಕಡಿಮೆಯಿತ್ತು. ಕೆನೆಯುಳ್ಳ ಹಾಲಿನಿಂದ ಹಾನಿ ಹೆಚ್ಚೆಂಬ ನಂಬಿಕೆಗೂ ಅಲ್ಲಿ ಆಧಾರ ದೊರೆಯಲಿಲ್ಲ. 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೊಸರಿನ ಡಬ್ಬಿಗಳ ಮೇಲೆ, ವಾರಕ್ಕೆ ಎರಡು ಬಟ್ಟಲು ಸೇವನೆಯಿಂದ ಈ ರೋಗದ ಅಪಾಯ ತಗ್ಗಬಹುದೆಂದು ಬರೆಯಲು ಒಪ್ಪಿತು. ಆಧಾರ ಸೀಮಿತವಾದುದೆಂಬುದನ್ನೂ ಜೊತೆಯಲ್ಲಿಯೇ ಬರೆಯಬೇಕೆಂದು ವಿಧಿಸಿತು. ಆ ಎಚ್ಚರಿಕೆ ಯುಕ್ತವಾದುದು. ಇಂತಹ ಅಧ್ಯಯನಗಳು ಬಹುಮಟ್ಟಿಗೆ ಜನ ಏನು ತಿಂದರು, ಅವರಿಗೆ ಏನಾಯಿತು ಎಂಬುದನ್ನು ನೋಡಿ ಬರೆದವು. ಮೊಸರು ತಿನ್ನುವವನು ಬೇರೆ ವಿಷಯಗಳಲ್ಲಿಯೂ ಹಿತಮಿತನಾಗಿರಬಹುದು. ಅಲ್ಲದೆ ರೋಗ ಬಾರದಂತೆ ತಡೆಯುವುದು ಬೇರೆ, ಬಂದ ಮೇಲೆ ನಿಭಾಯಿಸುವುದು ಬೇರೆ. ಮೊಸರು ಮಧುಮೇಹದ ಮದ್ದಲ್ಲ. ಅದು ಮಧುಮೇಹದ ಮೂಲವೂ ಅಲ್ಲವೆನ್ನುವಷ್ಟಕ್ಕೆ ಆಧಾರ ಸಾಕಾಗಿದೆ.

ನಾಟಿ ಹಸುವಿನ ಹಾಲಿನ ವಾದವನ್ನು ಇಲ್ಲಿಯೇ ಮುಗಿಸಬಹುದು. ಹಾಲಿನ ಬೀಟಾ ಕೇಸೀನ್ ಎಂಬ ಪ್ರೋಟೀನಿನಲ್ಲಿ ಎ1, ಎ2 ಎಂಬ ಭೇದಗಳಿರುವುದು ನಿಜ. ನಮ್ಮ ತಳಿಗಳಲ್ಲಿ ಎ2 ಪ್ರಧಾನವೆಂಬುದೂ ನಿಜ. ಆದರೆ ಎ1ರ ಮೇಲೆ ಹೊರಿಸಿದ ಸಂಶಯ ಮುಖ್ಯವಾಗಿ ಮಕ್ಕಳಿಗೆ ಬರುವ ಮೊದಲನೆಯ ಬಗೆಯ ಮಧುಮೇಹಕ್ಕೆ ಸಂಬಂಧಿಸಿದ್ದು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಅದನ್ನು ಪರಿಶೀಲಿಸಿ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲವೆಂದಿತು. ನಮ್ಮ ದೇಶದ ಪ್ರಾಧಿಕಾರವು 2024ರ ಆಗಸ್ಟಿನಲ್ಲಿ ಪೊಟ್ಟಣಗಳ ಮೇಲಿನ ಈ ಬಿರುದುಗಳನ್ನು ತೆಗೆಯುವಂತೆ ಆಜ್ಞಾಪಿಸಿ, ವಾರ ಕಳೆಯುವಷ್ಟರಲ್ಲಿ ಆಜ್ಞೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಹಳ್ಳಿಕಾರ್ ತಳಿಯನ್ನು ಉಳಿಸಲು ಬೇರೆ ಸತ್ಕಾರಣಗಳಿವೆ. ಮಧುಮೇಹವನ್ನು ಅದರ ಕೊರಳಿಗೆ ಕಟ್ಟಬೇಕಾಗಿಲ್ಲ.

ಹಾಲುಮೊಸರನ್ನು ಭಯದಿಂದ ಪೂರ್ತಿ ತೊರೆಯುವುದರಲ್ಲಿ ಅಪಾಯವೂ ಇದೆಯೆಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನಡೆದ ‘ಪಾರ್ಥೆನಾನ್’ ಅಧ್ಯಯನ ಬೆಳಕು ಚೆಲ್ಲುತ್ತದೆ. 2009ರಲ್ಲಿ ಪ್ರಕಟವಾದ ಅದರ ಒಂದು ವರದಿಯಂತೆ, ಪರೀಕ್ಷಿಸಿದ 785 ಗರ್ಭಿಣಿಯರಲ್ಲಿ ಶೇಕಡ 43 ಮಂದಿಗೆ ಬಿ12 ಜೀವಸತ್ತ್ವ ಕಡಿಮೆಯಾಗಿತ್ತು. ಅಂತಹವರಲ್ಲಿ ಗರ್ಭಕಾಲದ ಮಧುಮೇಹವೂ ಹೆಚ್ಚಾಗಿ ಕಂಡಿತು. ಸಸ್ಯಾಹಾರಿಗಳಿಗೆ ಈ ಜೀವಸತ್ತ್ವ ಆಹಾರದಿಂದ ದೊರೆಯುವ ಮುಖ್ಯ ಮಾರ್ಗ ಹಾಲು ಮತ್ತು ಮೊಸರು. ಎರಡನೆಯ ಬಗೆಯ ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದರೆ ಬಿ12 ಇನ್ನಷ್ಟು ತಗ್ಗುತ್ತದೆಂಬುದು ಸ್ಥಾಪಿತವಾದ ವಿಷಯ. ಕಾಲು ಜೋಮು ಹಿಡಿಯುವುದನ್ನು ಸಕ್ಕರೆ ಕಾಯಿಲೆಯ ಪರಿಣಾಮವೆಂದೇ ತಿಳಿದು, ಬಿ12ರ ಕೊರತೆಯನ್ನು ಗಮನಿಸದೆ ಬಿಡುವ ಸಂಭವ ಉಂಟು. ಮಾಂಸ ಮೊಟ್ಟೆಗಳನ್ನು ಮುಟ್ಟದ ಮುದುಕಿಯೊಬ್ಬಳಿಂದ ಮೊಸರಿನ ಬಟ್ಟಲನ್ನು ಕಸಿಯುವವರು ಇದನ್ನು ತಿಳಿದಿರಬೇಕು. ಮೂತ್ರಪಿಂಡ ಕೆಟ್ಟಿರುವವರ ಸಂಗತಿ ಬೇರೆ. ಅವರಿಗೆ ಹಾಲಿನ ಪ್ರೋಟೀನನ್ನೂ ರಂಜಕವನ್ನೂ ವೈದ್ಯರೇ ಅಳೆದು ಹೇಳಬೇಕು.

ಹಾಗಾದರೆ ಹಾಲಿನ ಸುತ್ತ ಅಪರಾಧಿ ಯಾರು? ಲೆಕ್ಕವನ್ನೇ ನೋಡೋಣ. 200 ಮಿಲಿಲೀಟರು ಹಾಲಿನಲ್ಲಿರುವ ಹಾಲುಸಕ್ಕರೆ ಹೆಚ್ಚೆಂದರೆ 10 ಗ್ರಾಂ; ಅದು ರಕ್ತಕ್ಕೆ ಸೇರುವುದೂ ನಿಧಾನ, ಹಾಲಿನ ಪ್ರೋಟೀನು ಇನ್ಸುಲಿನ್ ಸ್ರವಿಸುವುದನ್ನು ಪ್ರಚೋದಿಸುವುದೂ ಉಂಟು. ಅರ್ಧ ಲೋಟ ಹಾಲಿನ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದರೆ, ಹಾಲು ತಂದ 5 ಗ್ರಾಂ ಸಕ್ಕರೆಯ ಮೇಲೆ ನಾವು ತಂದದ್ದು 8ರಿಂದ 10 ಗ್ರಾಂ. ದಿನಕ್ಕೆ ಮೂರು ಬಾರಿಯಾದರೆ ಮೂರರಷ್ಟು. ಮೊಸರನ್ನದ ಲೆಕ್ಕ ಇನ್ನೂ ಬೋಧಪ್ರದವಾದುದು. 200 ಗ್ರಾಂ ಅನ್ನದಲ್ಲಿ ಪಿಷ್ಟ ಸುಮಾರು 55 ಗ್ರಾಂ. ಅದಕ್ಕೆ ಕಲಸಿದ 100 ಗ್ರಾಂ ಮೊಸರಿನಲ್ಲಿ ಸಕ್ಕರೆಯ ಅಂಶ 4–5 ಗ್ರಾಂ. ವೈದ್ಯರ ಮುಂದೆ ಮೊಸರನ್ನು ಬಿಟ್ಟೆನೆಂದು ಹೇಳಿ ಸಾರನ್ನವನ್ನು ಎರಡು ಬಾರಿ ಬಡಿಸಿಕೊಳ್ಳುವವರು ಚಿಕ್ಕ ಕಳ್ಳನನ್ನು ಹಿಡಿದು ದೊಡ್ಡ ಕಳ್ಳನನ್ನು ಒಳಗೆ ಕರೆದಂತಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ರಾಷ್ಟ್ರವ್ಯಾಪಿ ಸಮೀಕ್ಷೆಯಿಂದ 2025ರಲ್ಲಿ ಹೊರಬಂದ ಆಹಾರ ವರದಿಯೂ ಇದನ್ನೇ ಸೂಚಿಸುತ್ತದೆ: ನಮ್ಮ ಜನ ಪಡೆಯುವ ಶಕ್ತಿಯಲ್ಲಿ ಶೇಕಡ 62 ಭಾಗ ಪಿಷ್ಟ ಶರ್ಕರಗಳಿಂದ ಬರುತ್ತಿದೆ, ಅದರಲ್ಲಿ ಶೇಕಡ 5ರಷ್ಟರ ಜಾಗಕ್ಕೆ ಬೇಳೆಕಾಳುಗಳ ಅಥವಾ ಹೈನಿನ ಪ್ರೋಟೀನು ಬಂದರೆ ಮಧುಮೇಹದ ಅಪಾಯ ತಗ್ಗುವ ಸಂಭವವಿದೆ.

ಈ ದೃಷ್ಟಿಯಿಂದ ನೋಡಿದರೆ ಹೆಬ್ಬಾಳ ಯಲಹಂಕಗಳ ಹಾಲಿನ ಮಳಿಗೆಯ ಮುಂದೆ ನಿಂತ ಮಧುಮೇಹಿಗೆ ಜಿಡ್ಡಿನ ಅಂಕಿಗಿಂತ ಸಕ್ಕರೆಯ ಅಂಕಿ ಮುಖ್ಯ. ಒಂದೇ ಕಪಾಟಿನಲ್ಲಿ ಡಬಲ್ ಟೋನ್ಡ್ ಹಾಲು, ಮೊಸರು, ಮಸಾಲೆ ಮಜ್ಜಿಗೆ ಇರುತ್ತವೆ. ಪಕ್ಕದಲ್ಲಿಯೇ ಬಾದಾಮಿ ಹಾಲು, ಪೇಡ, ಮೈಸೂರು ಪಾಕು ಇರುತ್ತವೆ. ಎಲ್ಲವೂ ಹಾಲಿನ ಸಂಘದ ಪದಾರ್ಥಗಳೇ, ಎಲ್ಲದರ ಮೇಲೂ ಅದೇ ಮುದ್ರೆ. ಮಜ್ಜಿಗೆಯ ಪೊಟ್ಟಣಕ್ಕೂ ಈಗ ಬೆಲೆಯುಂಟು.